ಹಿಮ ಕರಗಿದಾಗ ಸಿಕ್ಕ ಆಡುಮರಿಯ ಬಾಯಿಕಡ್ಡಿ

ನಾರ್ವೆ ದೇಶದಲ್ಲಿ ಲೋಮ್ ಅಂತ ಒಂದು ಬೆಟ್ಟದೂರು. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಪುಟ್ಟ ಮರದ ತುಂಡನ್ನು ಜನರ ಮುಂದೆ ಇಟ್ಟಿದ್ದರು. ಬೆರಳುದ್ದದ ಕಡ್ಡಿಯ ಹಾಗೆ ಕೆತ್ತಿದ್ದು, ತುದಿಗಳಲ್ಲಿ ದಾರ ಕಟ್ಟಲು ಕಚ್ಚು ಮಾಡಿದ್ದು. ಊರ ಮೇಲಿನ ಬೆಟ್ಟದಲ್ಲಿ ಹಿಮ ಕರಗಿದಾಗ ಸಿಕ್ಕಿದ ವಸ್ತು. ಹೆಕ್ಕಿ ತಂದವರು ದೊಡ್ಡ ದೊಡ್ಡ ಓದು ಓದಿದ ಪುರಾತತ್ವದವರು. ಆದರೆ ಇದು ಏನು, ಯಾತಕ್ಕೆ ಬರುತ್ತದೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಒಂದು ದಿನ ಮ್ಯೂಸಿಯಂ ನೋಡಲು ಬಂದ ವಯಸ್ಸಾದ ಹೆಂಗಸೊಬ್ಬರು ಅದನ್ನು ನೋಡಿದವರೇ ಗುರುತು ಹಿಡಿದರು. ಆಡುಮರಿ, ಕುರಿಮರಿಗಳ ಬಾಯಿಗೆ ಅಡ್ಡ ಇಟ್ಟು ಕಟ್ಟುವ ಕಡ್ಡಿ ಅದು. ಮರಿ ತಾಯಿಯ ಹಾಲೆಲ್ಲ ಕುಡಿದುಬಿಟ್ಟರೆ ಮನೆಯವರಿಗೆ ಉಳಿಯುವುದಿಲ್ಲವಲ್ಲ, ಅದಕ್ಕೆ. ಅವರು ಚಿಕ್ಕವರಿದ್ದಾಗ, 1930ರ ದಶಕದಲ್ಲಿ, ಅವರ ಕಡೆಯ ಹೊಲಮನೆಗಳಲ್ಲಿ ಜುನಿಪರ್ ಗಿಡದ ಕಟ್ಟಿಗೆಯಲ್ಲಿ ಇಂಥದ್ದನ್ನೇ ಮಾಡಿ ಬಳಸುತ್ತಿದ್ದರಂತೆ.

ಬೆಟ್ಟದಲ್ಲಿ ಸಿಕ್ಕ ತುಂಡು ಕೂಡ ಜುನಿಪರ್ ಕಟ್ಟಿಗೆಯದೇ. ಅದರ ವಯಸ್ಸು ಪರೀಕ್ಷೆ ಮಾಡಿಸಿದಾಗ ಬಂದ ಉತ್ತರ, ಹನ್ನೊಂದನೇ ಶತಮಾನ. ಅಂದರೆ ಸಾವಿರ ವರ್ಷದ ಹಿಂದೆ ಒಬ್ಬ ರೈತ ಕೆತ್ತಿದ ಕಡ್ಡಿಯನ್ನೇ ಒಂಬೈನೂರು ವರ್ಷ ಬಿಟ್ಟು ಅದೇ ಸೀಮೆಯವರು ಅದೇ ಮರದಲ್ಲಿ ಕೆತ್ತುತ್ತಿದ್ದರು.

ಮಳೆ, ಬೆಳೆ, ತಾಲ್ಲೂಕು ಕಚೇರಿ ಅಂತ ಓಡಾಡುವ ನಮಗೆ ನಾರ್ವೆಯ ಹಿಮ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಈ ಬಾಯಿಕಡ್ಡಿಯ ಕತೆ ಓದಿದ ಮೇಲೆ ಬಿಡಲಾಗಲಿಲ್ಲ, ಅಷ್ಟೇ. ಕರು ಹಾಲು ಕುಡಿಯದಂತೆ ಬಾಯಿಗೆ ಕುಕ್ಕೆ ಕಟ್ಟುವುದನ್ನು ನೋಡುತ್ತಲೇ ಬೆಳೆದವರು ನಾವು. ಆ ಗಾಜಿನ ಮುಂದೆ ನಮ್ಮೂರಿನ ಯಾವ ಅಜ್ಜಿಯನ್ನು ನಿಲ್ಲಿಸಿದ್ದರೂ ಒಂದು ನಿಮಿಷ ಯೋಚಿಸಿ ಹತ್ತಿರ ಹತ್ತಿರ ಹೇಳಿಬಿಡುತ್ತಿದ್ದಳು.

ಆ ಕಡ್ಡಿ ಸಿಕ್ಕ ಜಾಗದ ಹೆಸರು ಲೆಂಡ್‌ಬ್ರೀನ್. ಲೋಮ್ ಊರಿನ ಮೇಲಿರುವ ಲೋಮ್ಸೆಗ್ಗೆನ್ ಎಂಬ ಬೆಟ್ಟದ ಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1900 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಈ ಕಡೆಯಿಂದ ಆ ಕಡೆಗೆ ದಾಟುವ ಒಂದು ಕಣಿವೆದಾರಿ ಅಲ್ಲಿತ್ತು. ಇತ್ತು ಅನ್ನುವುದೇ ಯಾರಿಗೂ ನೆನಪಿರಲಿಲ್ಲ. ಊರವರ ಬಾಯಲ್ಲೂ ಆ ಮಾತು ಉಳಿದಿರಲಿಲ್ಲ. 2011ರ ಬೇಸಿಗೆಯಲ್ಲಿ ಹಿಮ ವಿಪರೀತ ಕರಗಿತು. ಆಗಸ್ಟ್‌ನಲ್ಲಿ ಮೇಲೆ ಹತ್ತಿದ ಪುರಾತತ್ವದ ತಂಡಕ್ಕೆ ಕಂಡಿದ್ದು ಎಲ್ಲೆಂದರಲ್ಲಿ ಹರಡಿದ ವಸ್ತುಗಳು. ಅದರ ನಡುವೆ ಒಂದು ಉಣ್ಣೆಯ ಅಂಗಿ, ಮುದ್ದೆಯಾಗಿ ಬಿದ್ದಿತ್ತು.

ಆ ಅಂಗಿಯ ವಯಸ್ಸು ಸುಮಾರು 1700 ವರ್ಷ. ನಾರ್ವೆಯಲ್ಲಿ ಸಿಕ್ಕಿರುವ ಉಡುಪುಗಳಲ್ಲೇ ಅದು ಅತಿ ಹಳೆಯದು. ಗುಂಡಿ ಇಲ್ಲ, ಕಸೆ ಇಲ್ಲ, ತಲೆಯಿಂದ ಇಳಿಸಿಕೊಳ್ಳುವ ಸ್ವೆಟರ್ ತರಹದ್ದು. ಐದೂಮುಕ್ಕಾಲು ಅಡಿಯ ತೆಳ್ಳನೆಯ ಆಳಿಗೆ ಸರಿಹೊಂದುತ್ತದೆ. ನೇಯ್ಗೆ ಮಾತ್ರ ಒಳ್ಳೆಯದು, ವಜ್ರದಾಕಾರದ ಚೌಕಳಿ ಬರುವ ಹಾಗೆ ನೇಯ್ದಿದ್ದಾರೆ. ನಮಗೆ ಇಷ್ಟವಾಗಿದ್ದು ಬೇರೆ. ಅಂಗಿಗೆ ಎರಡು ಕಡೆ ತೇಪೆ ಹಾಕಿದ್ದಾರೆ! ಹರಿದಿದ್ದನ್ನು ಎಸೆಯದೆ ಹೊಲಿದು ಮತ್ತೆ ಹಾಕಿಕೊಂಡಿದ್ದಾನೆ ಪುಣ್ಯಾತ್ಮ. ರಾಜರ ಕತೆಯಲ್ಲಿ ತೇಪೆ ಬರುವುದಿಲ್ಲ ನೋಡಿ.

ಹಾಗಾದರೆ ಅಂಥ ಚಳಿ ಜಾಗದಲ್ಲಿ ಮೈಮೇಲಿನ ಅಂಗಿಯನ್ನು ಯಾರು ಬಿಟ್ಟು ಹೋಗುತ್ತಾರೆ? ಇದಕ್ಕೆ ಒಂದು ಊಹೆ ಇದೆ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ವಿಪರೀತ ಚಳಿಗೆ ಸಿಕ್ಕು ಸಾಯುವ ಹಂತಕ್ಕೆ ಬಂದವರಿಗೆ ಕೊನೆಗಳಿಗೆಯಲ್ಲಿ ಮೈ ಸುಡುವ ಹಾಗೆ ಅನಿಸುತ್ತದಂತೆ, ಬಟ್ಟೆ ಕಿತ್ತು ಎಸೆಯುತ್ತಾರಂತೆ. ವೈದ್ಯರು ಇದನ್ನು ಎಷ್ಟೋ ಪ್ರಕರಣಗಳಲ್ಲಿ ನೋಡಿದ್ದಾರೆ. ಈ ಅಂಗಿಯವನಿಗೂ ಹಾಗೇ ಆಗಿತ್ತೇ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಯಾಕೆಂದರೆ ಅಲ್ಲಿ ಅವನ ದೇಹ ಸಿಕ್ಕಿಲ್ಲ.

ಈಗ ಒಂದು ಪ್ರಶ್ನೆ ಬರಬೇಕು. ಉಣ್ಣೆ, ಮರ, ಚರ್ಮ ಇವೆಲ್ಲ ಸಾವಿರಾರು ವರ್ಷ ಉಳಿಯುವುದು ಹೇಗೆ? ನಮ್ಮಲ್ಲಿ ಹಳೇ ದಿಬ್ಬ ಅಗೆದರೆ ಸಿಗುವುದು ಮಡಕೆ ಚೂರು, ಕಲ್ಲು, ಮಣಿ, ತುಕ್ಕು ಹಿಡಿದ ಕಬ್ಬಿಣ. ಮರವನ್ನು ಗೆದ್ದಲು ತಿನ್ನುತ್ತದೆ, ಬಟ್ಟೆ ಮಣ್ಣಾಗುತ್ತದೆ. ಕೊಳೆಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಬೆಚ್ಚಗಿರಬೇಕು, ಗಾಳಿ ಬೇಕು, ನೀರು ನೀರಾಗಿಯೇ ಇರಬೇಕು. ಗಟ್ಟಿ ಮಂಜಿನೊಳಗೆ ಇದ್ಯಾವುದೂ ಇಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟ ಹಾಗೆ.

ಆದರೆ ಎಲ್ಲ ಹಿಮವೂ ಇದಕ್ಕೆ ಆಗುವುದಿಲ್ಲ. ಹಿಮನದಿ ಅಂತ ಕೇಳಿದ್ದೀರಲ್ಲ, ಅದು ನಿಜವಾಗಿಯೂ ನದಿಯೇ. ಮಂಜಿನ ದಪ್ಪ ಹೆಚ್ಚಾದಾಗ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಜಾರಿಗೆ ಜರಗುತ್ತದೆ. ಒಳಗೆ ಏನಿದ್ದರೂ ಬೀಸುಕಲ್ಲಿಗೆ ಸಿಕ್ಕ ರಾಗಿಯ ಗತಿ. ಕೆಲವು ನೂರು ವರ್ಷಗಳಲ್ಲಿ ಅರೆದು ಕೆಳಗೆ ತಂದು ಸುರಿದುಬಿಡುತ್ತದೆ. ಹಳೆಯ ವಸ್ತು ಉಳಿಯುವುದು ಬೆಟ್ಟದ ಮರೆಯಲ್ಲಿ, ತಗ್ಗಿನಲ್ಲಿ, ಅಲ್ಲಾಡದೆ ಬಿದ್ದಿರುವ ಹಿಮದ ಹಾಸುಗಳಲ್ಲಿ. ನಾರ್ವೆಯ ಯುವ್‌ಫೊನ್ನೆ ಎಂಬಲ್ಲಿ ಅಂಥ ಹಾಸಿನ ತಳದ ಮಂಜು ಸುಮಾರು 7600 ವರ್ಷದಷ್ಟು ಹಳೆಯದು ಅಂತ ಗೊತ್ತಾಗಿದೆ. ಅಷ್ಟು ವರ್ಷ ಕದಲದೆ ಇದ್ದದ್ದು ನಮ್ಮ ಕಾಲದಲ್ಲಿ ಕರಗುತ್ತಿದೆ.

ಲೆಂಡ್‌ಬ್ರೀನ್‌ಗೆ ವಾಪಸ್ ಬರೋಣ. ಆ ತಂಡ ಮುಂದಿನ ವರ್ಷಗಳಲ್ಲಿ ಅಲ್ಲಿ ಹುಡುಕಿದ ಜಾಗ ನಮ್ಮ ಲೆಕ್ಕದಲ್ಲಿ ಸುಮಾರು 60 ಎಕರೆ. ಅಗೆಯುವ ಕೆಲಸವೇ ಇಲ್ಲ. ಕಳೆ ಕೀಳುವವರ ಹಾಗೆ ಸಾಲಾಗಿ ನಿಂತು, ಕಲ್ಲು ಕಲ್ಲಿನ ಸಂದಿ ನೋಡುತ್ತಾ ನಡೆಯುವುದು. ಏನಾದರೂ ಕಂಡರೆ ಗುರುತಿನ ಕಡ್ಡಿ ನೆಡುವುದು, ಜಿಪಿಎಸ್‌ನಲ್ಲಿ ಜಾಗ ದಾಖಲು ಮಾಡುವುದು, ಜೋಪಾನವಾಗಿ ಸುತ್ತಿ ಕೆಳಗೆ ತರುವುದು. ವರ್ಷಕ್ಕೆ ಸಿಗುವುದು ಕೆಲವೇ ವಾರ. ಹಿಂದಿನ ಚಳಿಗಾಲದ ಹಿಮ ಕರಗಿ ಮುಗಿಯುವುದು ಆಗಸ್ಟ್ ಹೊತ್ತಿಗೆ, ಹೊಸ ಹಿಮ ಬೀಳುವುದು ಸೆಪ್ಟೆಂಬರ್ ಕಳೆಯುವುದರೊಳಗೆ. ಅಷ್ಟರಲ್ಲಿ ಆದಷ್ಟು.

ಸಿಕ್ಕಿದ್ದೇನು ಅಂತ ಹೇಳಿದರೆ ನಿಮ್ಮ ಕಣ್ಣ ಮುಂದೆ ದಾರಿಯೇ ಬಂದು ನಿಲ್ಲುತ್ತದೆ. ಕುದುರೆಯ ಲಾಳ, ಕುದುರೆಯ ಮೂಳೆ, ಕುದುರೆಯ ಲದ್ದಿ. ಹಿಮದಲ್ಲಿ ಕಾಲು ಹೂಳದಂತೆ ಕುದುರೆಯ ಪಾದಕ್ಕೆ ಕಟ್ಟುವ ಬಳೆಯಂಥ ಸಾಧನ. ಜಾರುಬಂಡಿಯ ತುಂಡುಗಳು. ದನಕರುಗಳಿಗೆಂದು ಕಟ್ಟಿ ಒಯ್ಯುತ್ತಿದ್ದ ಸೊಪ್ಪಿನ ಮೇವು. ಮರದ ಹಿಡಿಯ ಚಾಕು. ಉಣ್ಣೆ ನೂಲುವಾಗ ಹಿಡಿಯುವ ಕೋಲು. ಚರ್ಮದ ಪಾದರಕ್ಷೆ. ಬೇರೆ ಬೇರೆ ಬಟ್ಟೆಯ ಚೂರುಗಳನ್ನು ಸೇರಿಸಿ ಹೊಲಿದ ಒಂದು ಕೈಚೀಲ. ಚೀಲ ಅಂದರೆ ಸಾಮಾನಿನ ಚೀಲವಲ್ಲ, ಚಳಿಗೆ ಕೈಗೆ ಹಾಕಿಕೊಳ್ಳುವ ಗವಸು. ಕತ್ತಿನ ಪಟ್ಟಿ, ಹಗ್ಗದ ಸಮೇತ ಒಂದು ನಾಯಿಯ ಅಸ್ಥಿ. ಹನ್ನೊಂದನೇ ಶತಮಾನದ ಒಂದು ಊರುಗೋಲು ಸಿಕ್ಕಿದೆ, ಅದರ ಮೇಲೆ ಆ ಕಾಲದ ರೂನ್ ಲಿಪಿಯಲ್ಲಿ ಕೊರೆದಿದ್ದಾರೆ. ಇದು ಯೋಆರ್ ಎಂಬುವನದು ಅಂತ. ಬಿಂದಿಗೆ ತಟ್ಟೆಗಳ ಮೇಲೆ ಹೆಸರು ಹಾಕಿಸುವುದಿಲ್ಲವೇ, ಅದೇ ತರಹ. ಹೆಸರು ಬರೆದರೂ ಕಳೆದುಹೋಯಿತು, ಆ ಮಾತು ಬೇರೆ.

ದಾರಿಯುದ್ದಕ್ಕೂ ಕಲ್ಲುಗುಪ್ಪೆಗಳಿವೆ. ಮಂಜು ಕವಿದಾಗ, ಗುರುತು ಸಿಗದಿದ್ದಾಗ, ಒಂದು ಗುಪ್ಪೆಯಿಂದ ಇನ್ನೊಂದನ್ನು ನೋಡಿಕೊಂಡು ಹೋಗುವುದಕ್ಕೆ. ಮೇಲೆ ಒಂದು ಕಲ್ಲಿನ ಚಿಕ್ಕ ತಂಗುಮನೆಯ ಗೋಡೆಗಳೂ ಉಳಿದಿವೆ.

ಯಾರು ಓಡಾಡುತ್ತಿದ್ದರು ಇಲ್ಲಿ? ಹೆಚ್ಚಿನವರು ಸುತ್ತಲಿನ ರೈತರೇ. ಅವರ ಊರುಗಳು ಬೆಟ್ಟದ ಒಂದು ಬದಿಯ ಕಣಿವೆಯಲ್ಲಿ. ಬೇಸಿಗೆಯಲ್ಲಿ ಮಾತ್ರ ಹುಲ್ಲು ಬೆಳೆಯುವ ಗೋಮಾಳ ಇನ್ನೊಂದು ಬದಿಯಲ್ಲಿ. ಹಿಮ ಇಳಿಯುತ್ತಿದ್ದಂತೆ ಆಡು, ಕುರಿ, ದನ ಹೊಡೆದುಕೊಂಡು ಆ ಕಡೆ ಹೋಗುವುದು, ಅಲ್ಲಿ ಬೇಸಿಗೆ ಹಟ್ಟಿಯಲ್ಲಿ ಹಾಲು ಕರೆದು ಬೆಣ್ಣೆ, ಗಿಣ್ಣು ಮಾಡುವುದು, ಚಳಿ ಬರುವುದರೊಳಗೆ ವಾಪಸಾಗುವುದು. ಬಾಯಿಕಡ್ಡಿಯೂ ನೂಲುವ ಕೋಲೂ ಬೆಟ್ಟದ ನೆತ್ತಿಗೆ ಹೇಗೆ ಬಂದವು ಅನ್ನುವುದು ಈಗ ತಿಳಿಯಿತಲ್ಲ. ಹಟ್ಟಿಗೆ ಹೋಗುವಾಗ ಮನೆಯ ಸಾಮಾನೂ ಜೊತೆಗೆ ಹೋಗುತ್ತದೆ. ಇವರ ಜೊತೆ ದೂರದ ವ್ಯಾಪಾರಿಗಳೂ ಇದ್ದರು. ಹಿಮಸಾರಂಗದ ಚರ್ಮ, ಕೊಂಬು, ಬೆಣ್ಣೆ ಇವೆಲ್ಲ ಹೊರಗಿನ ಪೇಟೆಗಳಿಗೆ ಹೋಗುತ್ತಿದ್ದವು.

ಹಿಮ ಕಡಿಮೆಯಿದ್ದಾಗ ದಾಟುವುದು ಸಲೀಸು ಅಂತ ನಾವು ಅಂದುಕೊಂಡಿದ್ದೆವು. ಅದು ತಪ್ಪು. ಅಲ್ಲಿ ನೆಲದ ತುಂಬಾ ಚೂಪಾದ ಕಲ್ಲಿನ ರಾಶಿ. ಬರಿ ಕಲ್ಲಿನ ಮೇಲೆ ಕುದುರೆ ಕಾಲಿಟ್ಟರೆ ಸಂದಿಗೆ ಸಿಕ್ಕು ಮುರಿಯುತ್ತದೆ. ಕಲ್ಲು ಮುಚ್ಚುವಷ್ಟು ಗಟ್ಟಿ ಹಿಮ ಇದ್ದಾಗಲೇ ದಾರಿ ದಾರಿಯಾಗುತ್ತಿತ್ತು. ಅಂದರೆ ಹಿಮವೇ ರಸ್ತೆ. ಆ ರಸ್ತೆಯ ಮೇಲೆ ಬಿದ್ದದ್ದನ್ನು ಮುಂದಿನ ಹಿಮ ಮುಚ್ಚಿತು.

ಸಿಕ್ಕ ವಸ್ತುಗಳಲ್ಲಿ 60ರಷ್ಟನ್ನು ರೇಡಿಯೋ ಕಾರ್ಬನ್ ಪರೀಕ್ಷೆಗೆ ಕೊಟ್ಟರು. ಜೀವ ಇರುವವರೆಗೆ ಮರ, ಪ್ರಾಣಿಗಳ ಮೈಯಲ್ಲಿ ಒಂದು ಜಾತಿಯ ಕಾರ್ಬನ್ ಇರುತ್ತದೆ, ಸತ್ತ ಮೇಲೆ ಅದು ಗೊತ್ತಾದ ವೇಗದಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಉಳಿದದ್ದೆಷ್ಟು ಅಂತ ಅಳೆದರೆ ವಯಸ್ಸು ಸಿಗುತ್ತದೆ. ಲೆಕ್ಕ ಹಾಕಿದಾಗ ಈ ದಾರಿ ಕ್ರಿ.ಶ. 300ರ ಸುಮಾರಿಗೆ ಶುರುವಾಗಿ 1500ರ ಸುಮಾರಿಗೆ ನಿಂತಿದೆ ಅಂತ ತಿಳಿಯಿತು. ಅತಿ ಹೆಚ್ಚು ಓಡಾಟ ಇದ್ದದ್ದು ಕ್ರಿ.ಶ. 1000ದ ಆಸುಪಾಸು. ವೈಕಿಂಗರ ಕಾಲ ಅದು, ಕಡಲ ವ್ಯಾಪಾರ ಏರಿ ಪೇಟೆಗಳು ಹುಟ್ಟುತ್ತಿದ್ದ ಹೊತ್ತು. ವೈಕಿಂಗರು ಅಂದರೆ ಹಡಗು, ಕತ್ತಿ, ಲೂಟಿ ಅಂತ ಸಿನಿಮಾದಲ್ಲಿ ನೋಡಿದ್ದೀರಿ. ಅದೇ ಹೊತ್ತಿನಲ್ಲಿ ಮೇಲೆ ಬೆಟ್ಟದಲ್ಲಿ ಒಬ್ಬಳು ಆಡುಮರಿಗೆ ಬಾಯಿಕಡ್ಡಿ ಕಟ್ಟುತ್ತಿದ್ದಳು.

ದಾರಿ ನಿಂತಿದ್ದು ಯಾಕೆ ಅನ್ನುವುದು ದುಃಖದ ಕತೆ. 1349ರಲ್ಲಿ ಪ್ಲೇಗು ನಾರ್ವೆಗೆ ಬಂತು. ದೇಶದ ಅರ್ಧದಷ್ಟು ಜನ, ಇಲ್ಲವೇ ಇನ್ನೂ ಹೆಚ್ಚು, ಸತ್ತರು ಅಂತ ಇತಿಹಾಸಕಾರರ ಅಂದಾಜು. ಹೊಲಮನೆಗಳು ಖಾಲಿ ಬಿದ್ದವು. ಬೆಣ್ಣೆ ಮಾಡುವವರಿಲ್ಲ, ಕೊಳ್ಳುವವರಿಲ್ಲ. ಅದರ ಹಿಂದೆಯೇ ಹವಾಮಾನವೂ ತಣ್ಣಗಾಗುತ್ತಾ ಬಂತು. ಓಡಾಟ ಕಡಿಮೆಯಾಗುವುದು ಪ್ಲೇಗಿಗೂ ಮೊದಲೇ ಶುರುವಾಗಿತ್ತು ಅನ್ನುವುದೂ ನಿಜ, ಎಲ್ಲ ತಪ್ಪನ್ನೂ ರೋಗದ ಮೇಲೆ ಹಾಕುವ ಹಾಗಿಲ್ಲ. ಕೊನೆಗೆ ಮೂರು ನಾಲ್ಕು ತಲೆಮಾರು ಯಾರೂ ನಡೆಯದಿದ್ದಾಗ ದಾರಿಯ ನೆನಪೂ ಹೋಯಿತು.

ದಾರಿಯಲ್ಲದ ಬೇರೆ ಹಿಮದ ಹಾಸುಗಳಲ್ಲಿ ಸಿಗುವುದು ಹೆಚ್ಚಾಗಿ ಬೇಟೆಯ ಸಾಮಾನು. ಇದರ ಹಿಂದೆ ಇರುವುದು ನೊಣ! ಬೇಸಿಗೆ ಬಂದರೆ ಹಿಮಸಾರಂಗಗಳಿಗೆ ನೊಣದ ಕಾಟ ವಿಪರೀತ. ಮೂಗಿನೊಳಗೆ, ಚರ್ಮದೊಳಗೆ ಹುಳ ಬಿಡುವ ಜಾತಿ ಅವು. ತಪ್ಪಿಸಿಕೊಳ್ಳಲು ಸಾರಂಗಗಳು ಹಿಂಡುಹಿಂಡಾಗಿ ಹೋಗಿ ಹಿಮದ ಹಾಸಿನ ಮೇಲೆ ನಿಲ್ಲುತ್ತವೆ, ತಣ್ಣಗಿನ ಜಾಗಕ್ಕೆ ನೊಣ ಬರುವುದಿಲ್ಲ. ಎಮ್ಮೆ ಕೆರೆಗೆ ಇಳಿದು ಕೂರುವ ಹಾಗೆ. ಬೇಟೆಗಾರರಿಗೆ ಇದು ಗೊತ್ತಿತ್ತು. ಹೊಲದಲ್ಲಿ ಹಕ್ಕಿ ಓಡಿಸಲು ನಾವು ಬೆದರುಗೊಂಬೆ ನಿಲ್ಲಿಸುತ್ತೇವಲ್ಲ, ಅವರು ಸಾಲಾಗಿ ಕೋಲು ನೆಟ್ಟು ಅದರ ತುದಿಗೆ ಗಾಳಿಗೆ ಪಟಪಟ ಅನ್ನುವ ತೆಳು ಹಲಗೆಯ ಚೂರು ಕಟ್ಟುತ್ತಿದ್ದರು. ಸಾರಂಗ ಬೆದರಿ ಕೋಲಿನ ಸಾಲು ದಾಟದೆ ಬೇಟೆಗಾರ ಅಡಗಿದ್ದ ಕಡೆಗೇ ಬರುತ್ತಿತ್ತು. ಗುರಿ ತಪ್ಪಿದ ಬಾಣ ಹಿಮದಲ್ಲಿ ಹೂತುಹೋಗುತ್ತಿತ್ತು.

ಲಾಂಗ್‌ಫೊನ್ನೆ ಎಂಬ ಒಂದೇ ಹಾಸಿನಲ್ಲಿ ಇಂಥ 68 ಬಾಣಗಳು ಸಿಕ್ಕಿವೆ. ಅತಿ ಹಳೆಯದಕ್ಕೆ 6000 ವರ್ಷ. ಅದೇ ಜಾಗದಲ್ಲಿ 2006ರಲ್ಲಿ ಬೆಟ್ಟ ಸುತ್ತುವ ಸ್ಥಳೀಯರೊಬ್ಬರಿಗೆ ಚರ್ಮದ ಒಂದು ಪಾದರಕ್ಷೆ ಸಿಕ್ಕಿತ್ತು. ಹೆಚ್ಚೆಂದರೆ ಸಾವಿರ ವರ್ಷದ್ದಿರಬೇಕು ಅಂದುಕೊಂಡರೆ ಅದಕ್ಕೆ 3300 ವರ್ಷ ಆಗಿತ್ತು. ಹಿಮದಲ್ಲಿ ಹುಡುಕಬೇಕು, ಬೇಗ ಹುಡುಕಬೇಕು ಅನ್ನುವ ಅವಸರ ಆ ಜಿಲ್ಲೆಯಲ್ಲಿ ಹುಟ್ಟಿದ್ದೇ ಆ ವರ್ಷ. ಈಗ ಆ ಒಂದು ಸೀಮೆಯಲ್ಲೇ 60ಕ್ಕೂ ಹೆಚ್ಚು ಇಂಥ ಜಾಗಗಳನ್ನು ಗುರುತಿಸಿದ್ದಾರೆ.

ಹಿಮದಲ್ಲಿ ಸಿಕ್ಕವರ ಪೈಕಿ ಹೆಸರುವಾಸಿ ಅಂದರೆ ಓಟ್ಸಿ. 1991ರ ಸೆಪ್ಟೆಂಬರ್ 19ರಂದು ಇಟಲಿ, ಆಸ್ಟ್ರಿಯಾ ಗಡಿಯ ಬೆಟ್ಟದಲ್ಲಿ ಸುಮಾರು 3200 ಮೀಟರ್ ಎತ್ತರದಲ್ಲಿ ಜರ್ಮನಿಯ ದಂಪತಿಗೆ ಕಂಡ ಶವ. ಇತ್ತೀಚೆಗೆ ಸತ್ತ ಯಾರೋ ಪರ್ವತಾರೋಹಿ ಅಂದುಕೊಂಡು ಗಾಳಿಯಂತ್ರದ ಉಳಿ ಹಚ್ಚಿ ಎಬ್ಬಿಸಲು ಹೋದರು, ಸೊಂಟದ ಹತ್ತಿರ ಪೆಟ್ಟಾಯಿತು. ಆಮೇಲೆ ಗೊತ್ತಾಯಿತು, ಸತ್ತು 5300 ವರ್ಷ ಆಗಿದೆ ಅಂತ. ಜೊತೆಗೆ ತಾಮ್ರದ ಕೊಡಲಿ, ಹುಲ್ಲು ತುಂಬಿದ ಪಾದರಕ್ಷೆ, ಇನ್ನೂ ಪೂರ್ತಿ ಮಾಡಿ ಮುಗಿಸದ ಬಿಲ್ಲು. ಎಡಭುಜದೊಳಗೆ ಬಾಣದ ಮೊನೆ ಇದೆ ಅನ್ನುವುದು ಎಕ್ಸ್‌ರೇಯಲ್ಲಿ ಕಂಡಿದ್ದು ಹತ್ತು ವರ್ಷ ಬಿಟ್ಟು, 2001ರಲ್ಲಿ. ಅಂದರೆ ಹಿಂದಿನಿಂದ ಬಾಣ ಬಿಟ್ಟು ಕೊಂದಿದ್ದಾರೆ. ಇವನ ಬಗ್ಗೆ ಬೇಕಾದಷ್ಟು ವಿಡಿಯೋಗಳಿವೆ, ನೋಡಿಕೊಳ್ಳಿ.

ಅಷ್ಟು ಹೆಸರಾಗದ ಇನ್ನೊಬ್ಬನ ಬಗ್ಗೆ ಹೇಳಬೇಕು. 1999ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇಟೆಗೆ ಹೋದ ಮೂವರಿಗೆ ಕರಗುವ ಹಿಮದಂಚಿನಲ್ಲಿ ಒಬ್ಬ ಯುವಕನ ದೇಹ ಸಿಕ್ಕಿತು. ಆ ಜಾಗ ಅಲ್ಲಿನ ಮೂಲನಿವಾಸಿಗಳ ನೆಲ. ವಿಜ್ಞಾನಿಗಳು ದೇಹವನ್ನು ಹೊತ್ತುಕೊಂಡು ಹೋಗಿ ಗಾಜಿನಲ್ಲಿಡಲಿಲ್ಲ. ಮೊದಲು ಆ ಸಮುದಾಯದ ಹಿರಿಯರನ್ನು ಕೇಳಿದರು. ಹಿರಿಯರು ಕೂತು ಮಾತಾಡಿ, ಪರೀಕ್ಷೆ ಮಾಡಿ, ಆದರೆ ನಮಗೆ ವಾಪಸ್ ಕೊಡಿ ಅಂದರು. ಅವನಿಗೊಂದು ಹೆಸರಿಟ್ಟರು, ಕ್ವಡೇ ದನ್ ತ್ಸಿಂಚಿ. ಬಹಳ ಹಿಂದಿನವನು, ಸಿಕ್ಕಿದನು ಅಂತ ಅದರ ಅರ್ಥ. ಡಿಎನ್‌ಎ ಪರೀಕ್ಷೆಗೆ ಊರವರೇ ಮುಂದೆ ಬಂದರು. ತಾಯಿಯ ಕಡೆಯಿಂದ ಅವನಿಗೆ ಸಂಬಂಧಿಕರಾಗುವ 17 ಜನ ಸಿಕ್ಕರು, ಎಲ್ಲ ಈಗ ಬದುಕಿರುವವರು! 2001ರಲ್ಲಿ ದಹನ ಮಾಡಿ ಬೂದಿಯನ್ನು ಅವನು ಸಿಕ್ಕಿದ ಜಾಗದ ಹತ್ತಿರಕ್ಕೇ ಒಯ್ದು ಸಂಸ್ಕಾರ ಮುಗಿಸಿದರು. ಓಟ್ಸಿ ಇಂದಿಗೂ ಇಟಲಿಯ ಬೊಲ್ಜಾನೊ ಮ್ಯೂಸಿಯಂನಲ್ಲಿ ಮೈನಸ್ 6 ಡಿಗ್ರಿ ಚಳಿಯ ಕೋಣೆಯಲ್ಲಿದ್ದಾನೆ, ಜನ ಕಿಟಕಿಯಿಂದ ನೋಡಿ ಹೋಗುತ್ತಾರೆ. ಯಾವುದು ಸರಿ ಅಂತ ಹೇಳುವುದು ಕಷ್ಟ. ನಮ್ಮ ಮನಸ್ಸು ಮಾತ್ರ ಕೆನಡಾದ ಹಿರಿಯರ ಕಡೆಗೇ ವಾಲುತ್ತದೆ.

ನಮ್ಮ ದೇಶದಲ್ಲೂ ಇಂಥದ್ದೊಂದು ಜಾಗ ಇದೆ, ಉತ್ತರಾಖಂಡದ ರೂಪಕುಂಡ. 5000 ಮೀಟರ್‌ಗಿಂತ ಎತ್ತರದಲ್ಲಿರುವ ಪುಟ್ಟ ಕೆರೆ, ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಕರಗಿದಾಗ ಸುತ್ತಲೂ ನೂರಾರು ಜನರ ಮೂಳೆಗಳು ಕಾಣುತ್ತವೆ. 1942ರಲ್ಲಿ ಅರಣ್ಯ ಇಲಾಖೆಯ ನೌಕರರೊಬ್ಬರು ನೋಡಿ ಹೊರಗೆ ತಿಳಿಸಿದರು. ಎಲ್ಲರೂ ಒಂದೇ ದಿನ ಸತ್ತ ಯಾತ್ರಿಕರು ಅನ್ನುವ ಕತೆ ಬಹಳ ವರ್ಷ ನಡೆಯಿತು. 2019ರಲ್ಲಿ ಹೈದರಾಬಾದಿನ ಸಿಸಿಎಂಬಿ ಸೇರಿದಂತೆ ಹಲವು ದೇಶಗಳ ವಿಜ್ಞಾನಿಗಳು 38 ಜನರ ಡಿಎನ್‌ಎ ನೋಡಿ ಆ ಕತೆಯನ್ನೇ ಬದಲಾಯಿಸಿದರು. 23 ಜನ ನಮ್ಮ ಉಪಖಂಡದವರು, ಸುಮಾರು ಕ್ರಿ.ಶ. 800ರ ಕಾಲದವರು. 14 ಜನ ಮೆಡಿಟರೇನಿಯನ್ ಸಮುದ್ರದ ಪೂರ್ವದ ಕಡೆಯ ವಂಶದವರು, ಸತ್ತಿದ್ದು 1800ರ ಸುಮಾರಿಗೆ. ಒಬ್ಬ ಆಗ್ನೇಯ ಏಷ್ಯಾದ ಕಡೆಯವನು. ಅಷ್ಟು ದೂರದವರು ಅಲ್ಲಿಗೆ ಯಾಕೆ ಬಂದರು ಅನ್ನುವುದು ಇನ್ನೂ ಬಗೆಹರಿದಿಲ್ಲ. ಹೊಟ್ಟೆ ಉರಿಯುವ ವಿಷಯ ಅಂದರೆ, ಚಾರಣಕ್ಕೆ ಹೋದವರು ನೆನಪಿಗೆ ಇರಲಿ ಅಂತ ಅಲ್ಲಿಂದ ಮೂಳೆಗಳನ್ನು ಎತ್ತಿಕೊಂಡು ಬಂದಿದ್ದಾರೆ. ಬಗೆಹರಿಯಬೇಕಾದ ಉತ್ತರದಲ್ಲಿ ಎಷ್ಟು ಭಾಗ ಯಾರ್ಯಾರ ಮನೆಯ ಷೋಕೇಸಿನಲ್ಲಿದೆಯೋ.

ನಾರ್ವೆಯಲ್ಲಿ ಕದಿಯುವವರಿಗಿಂತ ಬಿಸಿಲಿನ ಭಯ ಹೆಚ್ಚು. ಹಿಮದಿಂದ ಹೊರಬಿದ್ದ ಚರ್ಮ, ಬಟ್ಟೆ ಬಿಸಿಲು ಗಾಳಿಗೆ ಸಿಕ್ಕರೆ ಒಣಗಿ, ಸುಲಿದು, ಕೆಲವೇ ದಿನಗಳಲ್ಲಿ ಹಾಳಾಗಬಹುದು. ಮರ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಅಂದರೆ ಈ ತಂಡ ತಲುಪದ ಬೆಟ್ಟಗಳಲ್ಲಿ, ತಲುಪಲಾಗದ ವರ್ಷಗಳಲ್ಲಿ, ಎಷ್ಟೋ ತೇಪೆ ಅಂಗಿಗಳು ಹೊರಬಂದು ಮಣ್ಣಾಗಿರಬೇಕು. ಮಾಡಬಹುದಾದದ್ದು ಒಂದೇ, ಗೊತ್ತಿರುವ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು.

ಡಿಗರ್‌ವಾರ್ಡೆನ್ ಎಂಬ ಬೆಟ್ಟದಲ್ಲಿ ಅವರು ಮಾಡಿದ್ದು ಅದನ್ನೇ. 2014ರಲ್ಲಿ ಅಲ್ಲಿ ಒಂದು ಸ್ಕೀ ಸಿಕ್ಕಿತು. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಹಲಗೆ, 1300 ವರ್ಷ ಹಳೆಯದು, ಪಾದ ಕಟ್ಟುವ ಜಾಗವೂ ಉಳಿದಿತ್ತು. ಇನ್ನೊಂದು ಕಾಲಿನದು ಎಲ್ಲಿ? ಹಿಮದೊಳಗೇ ಇರಬಹುದು ಅಂತ ಆ ಹಾಸಿನ ಮೇಲೆ ಕಣ್ಣಿಟ್ಟು ಕಾದರು. ಏಳು ವರ್ಷ ಕಳೆದು 2021ರ ಸೆಪ್ಟೆಂಬರ್‌ನಲ್ಲಿ ಮೊದಲನೆಯದು ಸಿಕ್ಕ ಜಾಗದಿಂದ ಐದೇ ಮೀಟರ್ ದೂರದಲ್ಲಿ ಇನ್ನೊಂದು ಕಂಡಿತು. ಗಟ್ಟಿ ಮಂಜಿಗೆ ಅಂಟಿಕೊಂಡಿತ್ತು, ಆ ದಿನ ಬಿಡಿಸಲು ಆಗಲಿಲ್ಲ. ಕೆಳಗಿಳಿದು ಬಂದರು. ಅಷ್ಟರಲ್ಲಿ ಹೊಸ ಹಿಮ ಬಿತ್ತು. ಮತ್ತೆ ಹತ್ತಿ, ಹುಡುಕಿ, ಹಿಮಗೊಡಲಿಯಿಂದ ಸುತ್ತಲೂ ಬಿಡಿಸಿ, ಗ್ಯಾಸ್ ಸ್ಟವ್ ಮೇಲೆ ಕಾಯಿಸಿದ ಉಗುರುಬೆಚ್ಚಗಿನ ನೀರು ಹುಯ್ದು ಎಬ್ಬಿಸಿದರು. 187 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. ಕಾಲು ಕಟ್ಟಲು ಬರ್ಚ್ ಮರದ ಎಳೆ ಹೊಸೆದ ಬಳ್ಳಿ, ಚರ್ಮದ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಎರಡೂ ಸವೆದಿದ್ದವು, ಎರಡಕ್ಕೂ ರಿಪೇರಿಯ ಗುರುತಿತ್ತು.